ಕೋತಿಗೆ ಪಾದರಸ ಕುಡಿಸಿದ ಹಕೀಮರು

ಅಬೂಬಕರ್ ಮುಹಮ್ಮದ್ ಬಿನ್ ಝಕರಿಯ್ಯಾ ಅಲ್ ರಾಝಿಯವರ ಬಗ್ಗೆ ಬರೆಯುವವರು ಹೆಚ್ಚಾಗಿ ಮಾಂಸದ ಕಥೆಯಿಂದಲೇ ಆರಂಭಿಸುತ್ತಾರೆ. ಬಗ್ದಾದಿನಲ್ಲಿ ಆಸ್ಪತ್ರೆಗೆ ಜಾಗ ಹುಡುಕುವಾಗ ಊರಿನ ಹಲವೆಡೆ ಮಾಂಸದ ತುಂಡು ತೂಗುಹಾಕಿಸಿ, ಅದು ತಡವಾಗಿ ಕೊಳೆತ ಕಡೆ ಆಸ್ಪತ್ರೆ ಕಟ್ಟಿಸಿದರಂತೆ. ಕಥೆ ಚೆನ್ನಾಗಿದೆ. ಆದರೆ ಈ ಕಥೆಯಲ್ಲಿ ಬರುವ ಅಝುದಿ ಆಸ್ಪತ್ರೆ ಶುರುವಾದದ್ದು ಅವರು ತೀರಿಕೊಂಡು ಅರ್ಧ ಶತಮಾನ ಕಳೆದ ಮೇಲೆ! ನನಗೆ ಹಿಡಿಸಿದ್ದು ಅವರೇ ಬರೆದಿಟ್ಟ ಪಾದರಸದ ಸಂಗತಿ.

ರಾಝಿಯವರು ಹುಟ್ಟಿದ್ದು ಹಿಜರಿ 251ರಲ್ಲಿ, ಅಂದರೆ ಕ್ರಿ.ಶ. 865ರಲ್ಲಿ, ಇಂದಿನ ಟೆಹರಾನಿನ ಪಕ್ಕದ ರೇ ಪಟ್ಟಣದಲ್ಲಿ. ಮೊದಲು ಅವರ ಆಸಕ್ತಿಯೆಲ್ಲ ರಸಾಯನದಲ್ಲಿತ್ತು. ಕುಲುಮೆಯ ಬೆಂಕಿ ಮತ್ತು ಹೊಗೆಯಿಂದ ಕಣ್ಣು ಕೆಟ್ಟು, ಚಿಕಿತ್ಸೆ ಹುಡುಕುತ್ತಾ ವೈದ್ಯಕೀಯದ ಕಡೆಗೆ ಬಂದರೆಂದು ಅಲ್ ಬೀರೂನಿ ಹೇಳುತ್ತಾರೆ. ಮುಂದೆ ರೇಯಲ್ಲೂ ಬಗ್ದಾದಿನಲ್ಲೂ ಆಸ್ಪತ್ರೆಗಳ ಮುಖ್ಯಸ್ಥರಾದರು. ಬಡ ರೋಗಿಗಳ ಮೇಲೆ ಅವರಿಗೆ ವಿಶೇಷ ಕಾಳಜಿಯಿತ್ತು.

ಆಗ ಚರ್ಮರೋಗಕ್ಕೆ ಪಾದರಸದ ಮುಲಾಮು ಹಚ್ಚುತ್ತಿದ್ದರು. ಅದು ಹೊಟ್ಟೆಗೆ ಹೋದರೆ ಏನಾಗುತ್ತದೆ? ರಾಝಿಯವರು ತಮ್ಮಲ್ಲಿದ್ದ ಕೋತಿಗೆ ಪಾದರಸ ಕುಡಿಸಿ ನೋಡಿದರು. ಅದು ಹಲ್ಲು ಕಡಿಯಿತು, ಹೊಟ್ಟೆ ಹಿಡಿದುಕೊಂಡು ಒದ್ದಾಡಿತು. ಅದಕ್ಕಿಂತ ಹೆಚ್ಚಿನ ಕೇಡು ಅವರಿಗೆ ಕಾಣಲಿಲ್ಲ. ಕುಡಿದ ಪಾದರಸ ಹಾಗೆಯೇ ಹೊರಬರುತ್ತದೆ, ಆದರೆ ಕಾಯಿಸಿ ಆವಿಯಾಗಿಸಿ ಪಡೆದ ಪಾದರಸದ ಲವಣ ಮಾರಕ ಎಂದು ಅವರು ಬೇರ್ಪಡಿಸಿ ಬರೆದರು. ಕೋತಿಯ ಬಗ್ಗೆ ಪಾಪ ಅನ್ನಿಸುತ್ತದೆ, ನಿಜ.

ಈ ವ್ಯತ್ಯಾಸ ಇಂದಿಗೂ ಸರಿಯೇ. ದ್ರವ ಪಾದರಸವನ್ನು ಕರುಳು ಹೀರುವುದು ತೀರಾ ಕಡಿಮೆ. ಅದರ ಆವಿಯನ್ನು ಉಸಿರಾಡಿದರೆ ಸುಮಾರು ಶೇ. 80ರಷ್ಟು ಶ್ವಾಸಕೋಶದಿಂದ ರಕ್ತಕ್ಕೆ ಸೇರುತ್ತದೆ. ಶ್ವಾಸಕೋಶದಿಂದ ಹೃದಯಕ್ಕೆ ಹೋಗುವ ಈ ದಾರಿ ರಾಝಿಯವರಿಗೆ ತಿಳಿದಿರಲಿಲ್ಲ. ಅದನ್ನು ವಿವರಿಸಿದವರು 13ನೇ ಶತಮಾನದ ಇಬ್ನ್ ಅನ್ನಫೀಸ್. ರಕ್ತ ಸೇರಿದ ಪಾದರಸ ಪ್ರೋಟೀನುಗಳಲ್ಲಿರುವ ಗಂಧಕದ ಗುಂಪುಗಳಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಜೀವಕೋಶಗಳನ್ನು ಕಾಯುವ ಗ್ಲುಟಾಥಯೋನ್ ಖರ್ಚಾಗುತ್ತದೆ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿ ನಾಳವನ್ನು ಸಡಿಲಿಸುತ್ತದಲ್ಲವೇ, ಆ ಕೆಲಸ ಕುಂಠಿತವಾಗುತ್ತದೆ. ನಾಳ ಬಿಗಿಯುತ್ತದೆ, ರಕ್ತದೊತ್ತಡ ಏರಬಹುದು. ಆ ಒತ್ತಡವನ್ನು ನಾವು ಅಳೆಯುವುದು ಪಾದರಸದ ಮಿಲಿಮೀಟರುಗಳಲ್ಲೇ! ಥರ್ಮಾಮೀಟರ್ ಒಡೆದಾಗ ಹೊಳೆಯುವ ಗುಂಡುಗಳನ್ನು ಅಂಗೈಯಲ್ಲಿ ಉರುಳಿಸುವ ಗೆಳೆಯರು ಓದಲಿ ಎಂದೇ ಇಷ್ಟು ಬರೆದೆ. ಅಪಾಯ ಇರುವುದು ಆ ಗುಂಡುಗಳಿಂದ ಏಳುವ, ಕಣ್ಣಿಗೆ ಕಾಣದ ಆವಿಯಲ್ಲಿ.

ಸಿಡುಬು ಮತ್ತು ದಡಾರ ಬೇರೆ ಬೇರೆ ರೋಗಗಳೆಂದು ಸ್ಪಷ್ಟವಾಗಿ ವಿವರಿಸಿದ ಕೃತಿಯೂ ರಾಝಿಯವರದ್ದೇ. ಗೌರವಿಸುತ್ತಿದ್ದ ಗ್ಯಾಲೆನ್‌ನ ಮಾತುಗಳನ್ನೂ ಪ್ರಶ್ನಿಸಿ ಒಂದು ಪುಸ್ತಕ ಬರೆದರು. ಕೊನೆಗಾಲದಲ್ಲಿ ದೃಷ್ಟಿ ಪೂರ್ತಿ ಹೋಯಿತು. ಹಿಜರಿ 313ರಲ್ಲಿ (ಕ್ರಿ.ಶ. 925) ರೇಯಲ್ಲೇ ತೀರಿಕೊಂಡರು. ಅವರು ಬಿಟ್ಟುಹೋದ ಟಿಪ್ಪಣಿಗಳ ರಾಶಿಯನ್ನು ಶಿಷ್ಯರು ಜೋಡಿಸಿದರು. ಅದೇ ಅಲ್ ಹಾವಿ. 1279ರಲ್ಲಿ ಅದು ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿನ ವೈದ್ಯರ ಕೈ ಸೇರಿತು.