ಕೀಬೋರ್ಡ್ ಬರೋ ಮುಂಚಿನ ಜಿ.ಕೆ. ವೆಂಕಟೇಶ್

ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆ ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಆರ್ಕೆಸ್ಟ್ರಾ ಇದ್ರೆ ಸ್ಟೇಜ್ ಕಡೆ ಒಮ್ಮೆ ನೋಡಿ. ಒಂದು ಕೀಬೋರ್ಡ್, ಒಂದು ರಿದಮ್ ಪ್ಯಾಡ್, ನಾಲ್ಕು ಮೈಕ್. ಪಿಟೀಲು, ಕೊಳಲು, ಶಹನಾಯಿ ಎಲ್ಲಾ ಕೀಬೋರ್ಡ್ ಒಳಗೇ. ಆದ್ರೆ ಅಲ್ಲಿ ನಾವು ಶಿಳ್ಳೆ ಹೊಡೆಯೋ ಎಷ್ಟೋ ಹಳೇ ಹಾಡು ಜಿ.ಕೆ. ವೆಂಕಟೇಶ್ ಅವರದು. ಅವು ಹುಟ್ಟಿದ ರೀತಿಯೇ ಬೇರೆ.

ವೆಂಕಟೇಶ್ ಹುಟ್ಟಿದ್ದು 1927ರಲ್ಲಿ, ಹೈದರಾಬಾದಿನಲ್ಲಿ. ಮನೆಮಾತು ತೆಲುಗು, ಕೆಲಸ ಕಲಿತಿದ್ದು ತಮಿಳು ಚಿತ್ರರಂಗದಲ್ಲಿ, ಹೆಸರು ಮಾಡಿದ್ದು ಕನ್ನಡದಲ್ಲಿ. 1956ರ 'ಓಹಿಲೇಶ್ವರ'ದಲ್ಲಿ ರಾಜ್‌ಕುಮಾರ್ ಅವರಿಂದ ಒಂದು ಹಾಡು ಹಾಡಿಸಿದರು. 1974ರ 'ಸಂಪತ್ತಿಗೆ ಸವಾಲ್'ನಲ್ಲಿ ಎಮ್ಮೆ ಮೇಲೆ ಕೂತು ಹಾಡೋ ಹಾಡನ್ನೂ ಅವರಿಂದಲೇ ಹಾಡಿಸಿದರು. ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. 'ಕಸ್ತೂರಿ ನಿವಾಸ', 'ಬಂಗಾರದ ಮನುಷ್ಯ' ಕೂಡ ಇವರದೇ. ಇಳಯರಾಜಾ ಇವರ ಹತ್ತಿರ ಸಹಾಯಕರಾಗಿ ಪಳಗಿದವರು.

ಆಗಿನ ರೆಕಾರ್ಡಿಂಗ್‌ನಲ್ಲಿ ಗಾಯಕರು, ವಾದ್ಯದವರು ಒಟ್ಟಿಗೇ ಕೂರಬೇಕಿತ್ತು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ. 1977ರ 'ಸನಾದಿ ಅಪ್ಪಣ್ಣ'ದಲ್ಲಿ ಹೀರೋ ಶಹನಾಯಿ ನುಡಿಸುವವನು. ಅದಕ್ಕೆ ನುಡಿಸಿದ್ದು ಸಾಕ್ಷಾತ್ ಬಿಸ್ಮಿಲ್ಲಾ ಖಾನ್. ಎಸ್. ಜಾನಕಿ ಅವರ ದನಿ, ಖಾನ್ ಸಾಹೇಬರ ಶಹನಾಯಿ ಒಂದರ ಹಿಂದೆ ಒಂದು ಬರೋ ಆ ಹಾಡನ್ನ ಹೆಡ್‌ಫೋನ್ ಹಾಕಿ ಕೇಳಿ.

1983ರಲ್ಲಿ ಯಮಹಾ ಡಿಎಕ್ಸ್7 ಬಂತು, ಅದೇ ವರ್ಷ ಮಿಡಿ ಕೂಡ. ಸ್ಟ್ಯಾನ್‌ಫರ್ಡ್‌ನ ಜಾನ್ ಚೌನಿಂಗ್ ಕಂಡುಹಿಡಿದ ಎಫ್‌ಎಂ ಸಿಂಥೆಸಿಸ್ ಅದರೊಳಗಿತ್ತು. ನಾವು ಕಮ್ಯುನಿಕೇಷನ್ ಪೇಪರ್‌ನಲ್ಲಿ ಓದೋ ಅದೇ ಮಾಡ್ಯುಲೇಷನ್. ಹತ್ತು ಜನರ ಕೆಲಸಕ್ಕೆ ಒಬ್ಬರು ಸಾಕು ಅನ್ನೋ ಕಾಲ ಶುರುವಾಯ್ತು. ವೆಂಕಟೇಶ್ 1993ರಲ್ಲಿ ತೀರಿಕೊಂಡರು.

ಕೀಬೋರ್ಡನ್ನ ಬೈಯೋದು ನಮ್ಮ ಉದ್ದೇಶ ಅಲ್ಲ. ಊರಿನ ಚಂದಾ ದುಡ್ಡಲ್ಲಿ ಹದಿನೈದು ಜನ ವಾದ್ಯದವರನ್ನ ಕರೆಸೋಕೆ ಆಗಲ್ಲ. ಕೀಬೋರ್ಡ್ ಇರೋದರಿಂದಲೇ ಆ ಹಾಡುಗಳು ಹಳ್ಳಿಗೂ ಬರ್ತಿವೆ. ಅದನ್ನ ನುಡಿಸುವವರೂ ಕಲಾವಿದರೇ. ಆದ್ರೆ ಕೀ ಒತ್ತಿದರೆ ಬರೋದು ಬಿಡಿಬಿಡಿ ಸ್ವರ. ಶಹನಾಯಿಯಲ್ಲಿ ಉಸಿರು, ತುಟಿ, ಅರ್ಧ ಮುಚ್ಚಿದ ಬೆರಳು ಸೇರಿ ಒಂದು ಸ್ವರ ಇನ್ನೊಂದಕ್ಕೆ ಜಾರುತ್ತೆ. ಪಿಚ್ ಬೆಂಡ್ ಚಕ್ರ ಆ ಜಾರನ್ನ ಅಷ್ಟಿಷ್ಟು ಅನುಕರಿಸಬಹುದು, ಉಸಿರನ್ನಲ್ಲ.

ನಮ್ಮ ಸುತ್ತಮುತ್ತಲ ಊರುಗಳಲ್ಲಿ ಇವತ್ತಿಗೂ ಓಲಗದವರಿದ್ದಾರೆ. ಮದುವೆ ಸೀಸನ್ ಮುಗಿದ ಮೇಲೆ ಅವರನ್ನ ಕರೆಯೋರು ಕಮ್ಮಿ. ಈ ಸಲ ಫೆಸ್ಟ್‌ನಲ್ಲಿ ಡಿಜೆಗಿಂತ ಮುಂಚೆ ಅರ್ಧ ಗಂಟೆ ಅವರಿಗೆ ಕೊಡೋಣ, ಡಿಜೆಗೆ ಕೊಟ್ಟ ಹಾಗೇ ಸಂಭಾವನೆನೂ ಕೊಡೋಣ. ಏನಂತೀರಾ?