ಜಾನ್ ಪೋಸ್ಟೆಲ್

ಜೊನಾಥನ್ ಬ್ರೂಸ್ ಪೋಸ್ಟೆಲ್ (ಆಗಸ್ಟ್ 6, 1943 – ಅಕ್ಟೋಬರ್ 16, 1998) ಅಮೆರಿಕದ ಗಣಕವಿಜ್ಞಾನಿ. ಅಂತರಜಾಲದ ಹೆಸರು ಮತ್ತು ಸಂಖ್ಯೆಗಳ ಹಂಚಿಕೆಯನ್ನು ದಶಕಗಳ ಕಾಲ ನಿರ್ವಹಿಸಿದವರು. ಸೇವೆ ನೀಡುವ ಸಂಸ್ಥೆ ಬದಲಾದರೂ ಬಳಕೆದಾರರ ವಿಳಾಸ ಬದಲಾಗದೆ ಉಳಿಯಲು ಆಧಾರವಾದ ಡೊಮೇನ್ ವ್ಯವಸ್ಥೆ ರೂಪುಗೊಳ್ಳುವಲ್ಲಿ ಪ್ರಮುಖ ಪಾತ್ರ ವಹಿಸಿದರು.

ಆರಂಭಿಕ ಜೀವನ

ಪೋಸ್ಟೆಲ್ ಜನಿಸಿದ್ದು ಕ್ಯಾಲಿಫೋರ್ನಿಯಾದ ಆಲ್ಟಡೀನಾದಲ್ಲಿ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ 1966ರಲ್ಲಿ ಪದವಿ, 1968ರಲ್ಲಿ ಸ್ನಾತಕೋತ್ತರ ಪದವಿ ಹಾಗೂ 1974ರಲ್ಲಿ ಡಾಕ್ಟರೇಟ್ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ ಅಂತರಜಾಲದ ಪೂರ್ವರೂಪವಾದ ಅರ್ಪಾನೆಟ್ ಯೋಜನೆಯಲ್ಲಿ ತೊಡಗಿದ್ದರು.

ವೃತ್ತಿಜೀವನ

1969ರಲ್ಲಿ ಆರಂಭವಾದ ಆರ್‌ಎಫ್‌ಸಿ ಎಂಬ ತಾಂತ್ರಿಕ ದಾಖಲೆಗಳ ಮಾಲೆಗೆ ಅವರು ಕೊನೆಯವರೆಗೂ ಸಂಪಾದಕರಾಗಿದ್ದರು. 1977ರಿಂದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮಾಹಿತಿ ವಿಜ್ಞಾನ ಸಂಸ್ಥೆಯಲ್ಲಿ ಸೇವೆ ಸಲ್ಲಿಸಿದರು. 1982ರಲ್ಲಿ ಇಮೇಲ್ ರವಾನೆಯ ಎಸ್‌ಎಮ್‌ಟಿಪಿ ನಿಯಮಾವಳಿಯನ್ನು ರಚಿಸಿದರು. ಇದು ಯಾವ ಕಂಪನಿಯ ಸ್ವತ್ತೂ ಅಲ್ಲದ ಕಾರಣ ಬೇರೆ ಬೇರೆ ಕಂಪನಿಗಳ ಬಳಕೆದಾರರು ಪರಸ್ಪರ ಪತ್ರ ಕಳುಹಿಸುವುದು ಸಾಧ್ಯವಾಗಿದೆ.

ಡೊಮೇನ್ ಹೆಸರುಗಳು

ಮೊದಲಿಗೆ ಜಾಲದ ಎಲ್ಲ ಗಣಕಗಳ ಹೆಸರುಗಳು ಒಂದೇ ಕಡತದಲ್ಲಿದ್ದವು. ಜಾಲ ಬೆಳೆದಂತೆ ಈ ಕ್ರಮ ಅಸಾಧ್ಯವಾಯಿತು. ಪೋಸ್ಟೆಲ್ ಅವರ ಸೂಚನೆಯಂತೆ ಸಹೋದ್ಯೋಗಿ ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ಡೊಮೇನ್ ವ್ಯವಸ್ಥೆಯನ್ನು ವಿನ್ಯಾಸಗೊಳಿಸಿದರು. ಇದರಲ್ಲಿ ಹೆಸರು ಸ್ಥಿರವಾಗಿದ್ದು, ಅದು ಸೂಚಿಸುವ ಗಣಕ ಬದಲಾಗಬಹುದು. ಉದಾಹರಣೆಗೆ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ವಿಜಯಪುರದ ರೇಷ್ಮೆ ವ್ಯಾಪಾರಿಯೊಬ್ಬರು ಸ್ವಂತ ಡೊಮೇನ್ ನೋಂದಾಯಿಸಿಕೊಂಡಿದ್ದರೆ, ಇಮೇಲ್ ಕಂಪನಿಯನ್ನು ಬದಲಿಸಿದರೂ ಗ್ರಾಹಕರಿಗೆ ಕೊಟ್ಟ ವಿಳಾಸ ಹಾಗೆಯೇ ಉಳಿಯುತ್ತದೆ. ಡೊಮೇನ್ ದಾಖಲೆಯಲ್ಲಿ ಹೊಸ ಸರ್ವರನ್ನು ನಮೂದಿಸಿದರೆ ಸಾಕು. ಕಂಪನಿಯ ಡೊಮೇನ್‌ನಲ್ಲಿ ಪಡೆದ ವಿಳಾಸಕ್ಕೆ ಈ ಸ್ವಾತಂತ್ರ್ಯವಿಲ್ಲ. ಆದರೆ ಸ್ವಂತ ಡೊಮೇನ್ ಕೂಡ ಶಾಶ್ವತ ಆಸ್ತಿಯಲ್ಲ. ನೋಂದಣಿಯನ್ನು ನವೀಕರಿಸದಿದ್ದರೆ ಹೆಸರು ಅನ್ಯರ ಪಾಲಾಗಬಹುದು.

ದೇಶಸೂಚಕ ಡೊಮೇನ್‌ಗಳಿಗೆ, ಯಾವುದು ದೇಶವೆಂಬುದನ್ನು ಪೋಸ್ಟೆಲ್ ತಾವೇ ನಿರ್ಧರಿಸದೆ ಐಎಸ್‌ಒ 3166 ಪಟ್ಟಿಯನ್ನು ಅನುಸರಿಸಿದರು. ಭಾರತದ ಡಾಟ್ ಇನ್ ಈ ಪಟ್ಟಿಯ ಸಂಕೇತವೇ. ಇಂತಹ ಡೊಮೇನ್‌ಗಳ ನಿರ್ವಾಹಕರು ಒಡೆಯರಲ್ಲ, ಸಮುದಾಯದ ಪರವಾಗಿ ಹೊಣೆ ಹೊತ್ತವರು ಎಂಬ ತತ್ತ್ವವನ್ನು 1994ರ ಆರ್‌ಎಫ್‌ಸಿ 1591ರಲ್ಲಿ ನಿರೂಪಿಸಿದರು.

1998ರ ವಿವಾದ

ಡೊಮೇನ್‌ಗಳ ಮೂಲ ಪಟ್ಟಿಯನ್ನು ಆಗ ಅಮೆರಿಕ ಸರ್ಕಾರದ ಒಪ್ಪಂದದಡಿ ನೆಟ್‌ವರ್ಕ್ ಸೊಲ್ಯೂಷನ್ಸ್ ಎಂಬ ಕಂಪನಿ ನಿರ್ವಹಿಸುತ್ತಿತ್ತು. 1998ರ ಜನವರಿ 28ರಂದು ಪೋಸ್ಟೆಲ್, ಪಟ್ಟಿಯನ್ನು ತಮ್ಮ ಸಂಸ್ಥೆಯ ಗಣಕದಿಂದ ಪಡೆಯುವಂತೆ ಎಂಟು ಮೂಲ ಸರ್ವರ್‌ಗಳ ನಿರ್ವಾಹಕರನ್ನು ಕೋರಿದರು; ಅವರು ಹಾಗೆಯೇ ಮಾಡಿದರು. ಸರ್ಕಾರದ ಆಕ್ಷೇಪಣೆಯ ನಂತರ ಹಿಂದಿನ ವ್ಯವಸ್ಥೆಗೆ ಮರಳಲಾಯಿತು. ಇದು ಕೇವಲ ಪರೀಕ್ಷೆಯಾಗಿತ್ತೆಂದು ಪೋಸ್ಟೆಲ್ ವಿವರಿಸಿದರು. ಬಳಕೆದಾರರ ಹೆಸರುಗಳೆಲ್ಲ ಅಂತಿಮವಾಗಿ ಯಾರ ಪಟ್ಟಿಯನ್ನು ಅವಲಂಬಿಸಿವೆ ಎಂಬ ಪ್ರಶ್ನೆಯನ್ನು ಈ ಘಟನೆ ಮುನ್ನೆಲೆಗೆ ತಂದಿತು.

ನಿಧನ ಮತ್ತು ಗೌರವಗಳು

ಈ ಹೊಣೆಗಾಗಿ ಐಕ್ಯಾನ್ ಸಂಸ್ಥೆ ಸ್ಥಾಪನೆಯಾದ ಕೆಲವೇ ವಾರಗಳಲ್ಲಿ ಪೋಸ್ಟೆಲ್ ಹೃದಯ ಸಂಬಂಧಿ ಅನಾರೋಗ್ಯದಿಂದ ಲಾಸ್ ಏಂಜಲೀಸ್‌ನಲ್ಲಿ ನಿಧನರಾದರು. ಇಂಟರ್ನೆಟ್ ಸೊಸೈಟಿ 1999ರಿಂದ ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ. 2012ರಲ್ಲಿ ಅವರನ್ನು ಮರಣೋತ್ತರವಾಗಿ ಇಂಟರ್ನೆಟ್ ಹಾಲ್ ಆಫ್ ಫೇಮ್‌ಗೆ ಸೇರಿಸಲಾಯಿತು.