ಪಿಯರ್ ಕ್ಯೂರಿಯವರ ಊಹೆ

ಕ್ಯೂರಿ ಎಂದೊಡನೆ ನಮಗೆಲ್ಲ ನೆನಪಾಗುವುದು ರೇಡಿಯಂ. ಭೌತಶಾಸ್ತ್ರದ ವಿದ್ಯಾರ್ಥಿಯಾದ ನನ್ನ ಮನಸ್ಸನ್ನಾದರೋ ಹೆಚ್ಚಾಗಿ ಸೆಳೆದುದು ಪಿಯರ್ ಕ್ಯೂರಿಯವರು ಬರೆದಿಟ್ಟು ಹೋದ ಒಂದು ಊಹೆ.

ಅವರು 1859ನೆಯ ಇಸವಿ ಮೇ 15ರಂದು ಪ್ಯಾರಿಸ್ ನಗರದಲ್ಲಿ ಜನಿಸಿದರು. ವೈದ್ಯರಾಗಿದ್ದ ತಂದೆ ಬಾಲಕನನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸಿದರು. 1880ರಲ್ಲಿ ಅಣ್ಣ ಜಾಕ್ ಅವರೊಡಗೂಡಿ, ಕೆಲವು ಹರಳುಗಳನ್ನು ಒತ್ತಿದರೆ ಅವುಗಳಲ್ಲಿ ವಿದ್ಯುತ್ತು ತೋರುವುದೆಂದು ಕಂಡುಹಿಡಿದರು. ಎಲ್ಲ ಹರಳುಗಳಲ್ಲಿಯೂ ಹೀಗೇಕಾಗದು? 1894ರಲ್ಲಿ ಅವರು ಇದಕ್ಕೊಂದು ನಿಯಮವನ್ನು ಕೊಟ್ಟರು. ಒಳಗಿನ ಜೋಡಣೆ ಎಲ್ಲ ರೀತಿಯಿಂದಲೂ ಸಮವಾಗಿದ್ದರೆ ಹೊಸ ಗುಣ ಹುಟ್ಟದು. ಆ ಸಮತೆ ಎಲ್ಲಿ ಮುರಿದಿದೆಯೋ ಅಲ್ಲಿ ಹುಟ್ಟಲು ಅವಕಾಶವುಂಟು. ಇದೇ ತರ್ಕವನ್ನು ಹಿಡಿದು, ವಿದ್ಯುತ್ತಿನಿಂದ ಅಯಸ್ಕಾಂತವಾಗುವ ಹರಳೂ ಇರಬಹುದೆಂದು ಅವರು ಊಹಿಸಿದರು.

ಅಂಥ ಹರಳು ಅವರ ಕೈಗೆ ಸಿಕ್ಕಲಿಲ್ಲ. 1895ರಲ್ಲಿ ಅಯಸ್ಕಾಂತಗುಣವನ್ನು ಕುರಿತ ಪ್ರೌಢ ಪ್ರಬಂಧವನ್ನು ಮುಗಿಸಿದರು. ಕಾಯಿಸಿದಾಗ ಲೋಹವು ಅಯಸ್ಕಾಂತಗುಣವನ್ನು ಕಳೆದುಕೊಳ್ಳುವ ಉಷ್ಣತೆಗೆ ಇಂದು ಅವರ ಹೆಸರೇ ಇದೆ. ನಿಕ್ಕಲ್ಲಿಗೆ ಅದು ಸುಮಾರು 355 ಡಿಗ್ರಿ. ಅದೇ ವರ್ಷ ಮೇರಿಯವರನ್ನು ವಿವಾಹವಾದರು. 1898ರಲ್ಲಿ ದಂಪತಿಗಳು ಪೊಲೋನಿಯಂ, ರೇಡಿಯಂಗಳನ್ನು ಕಂಡುಹಿಡಿದರು. 1903ರಲ್ಲಿ ನೊಬೆಲ್ ಬಹುಮಾನ ಬಂದಿತು. 1906ರ ಏಪ್ರಿಲ್ 19ರಂದು, ಮಳೆಯಲ್ಲಿ ಬೀದಿ ದಾಟುವಾಗ ಕುದುರೆಗಾಡಿಯ ಚಕ್ರಕ್ಕೆ ಸಿಕ್ಕಿ ತೀರಿಕೊಂಡರು. ಆಗ ಅವರಿಗೆ ಕೇವಲ 46 ವರ್ಷ.

ಊಹೆ ಮಾತ್ರ ಸಾಯಲಿಲ್ಲ. 1959ರಲ್ಲಿ ರಷ್ಯದ ಜ್ಯಾಲೊಶಿನ್‌ಸ್ಕಿಯವರು ಕ್ರೋಮಿಯಂ ಆಕ್ಸೈಡಿನಲ್ಲಿ ಈ ಗುಣವಿರಬೇಕೆಂದು ಲೆಕ್ಕದಿಂದ ತೋರಿಸಿದರು. ಮರುವರ್ಷವೇ ಆಸ್ತ್ರೋವ್ ಅವರು ಪ್ರಯೋಗದಿಂದ ಸಾಧಿಸಿದರು. 1966ರಲ್ಲಿ ಜಿನೀವಾದ ಷ್ಮಿಡ್ ಮತ್ತು ಸಂಗಡಿಗರು ನಿಕ್ಕಲ್, ಬೋರಾನ್, ಆಮ್ಲಜನಕ, ಅಯೋಡಿನ್‌ಗಳ ಹರಳೊಂದರಲ್ಲಿ ಸ್ಥಿರವಾದ ವಿದ್ಯುದ್ಗುಣವನ್ನೂ ಅಯಸ್ಕಾಂತಗುಣವನ್ನೂ ಒಟ್ಟಿಗೆ ಕಂಡರು. ಒಂದನ್ನು ತಿರುಗಿಸಿದರೆ ಇನ್ನೊಂದೂ ತಿರುಗಿತು. ಆದರೆ ಇದು ಸೊನ್ನೆಗಿಂತ ಸುಮಾರು 210 ಡಿಗ್ರಿ ಕೆಳಗಿನ ಚಳಿಯಲ್ಲಿ ಮಾತ್ರ. ಇಂಥ ವಸ್ತುಗಳಿಗೆ ಈಗ ಮಲ್ಟಿಫೆರ್ರೋಯಿಕ್ ಎಂದು ಹೆಸರು.

ಸಾಧಾರಣ ಉಷ್ಣತೆಯಲ್ಲಿಯೇ ಹೀಗೆ ವರ್ತಿಸುವ ಒಳ್ಳೆಯ ಹರಳು ದೊರೆತರೆ, ಅತ್ಯಲ್ಪ ವಿದ್ಯುತ್ತಿನಿಂದ ಗಣಕಯಂತ್ರದ ನೆನಪನ್ನು ಬರೆಯಬಹುದು. ನಿಕ್ಕಲ್ ಆಕ್ಸೈಡಿನ ಜೋಡಣೆ ಅಡಿಗೆ ಉಪ್ಪಿನದರಂತೆ ಸಮವಾದುದು. ಕ್ಯೂರಿಯವರ ನಿಯಮದಂತೆ ಅದರಿಂದ ಈ ಫಲ ಸಿಕ್ಕದು. ಆದುದರಿಂದಲೇ ಇಂದಿನ ಸಿದ್ಧಾಂತಿಗಳು ನಿಕ್ಕಲ್ ಮತ್ತು ಆಮ್ಲಜನಕದೊಡನೆ ಬೇರೆ ಲೋಹಗಳನ್ನು ಸೇರಿಸಿ, ಸಮತೆ ಎಲ್ಲಿ ಮುರಿಯುವುದೆಂದು ಮೊದಲು ಲೆಕ್ಕ ಹಾಕುತ್ತಾರೆ. ಕುಲುಮೆ ಹೊತ್ತಿಸುವುದು ಆಮೇಲೆ.

ಕಣ್ಣಿಗೆ ಕಾಣದುದನ್ನು ಕ್ಯೂರಿಯವರು ಕನಸಿನಿಂದಲ್ಲ, ನಿಯಮದಿಂದ ಕಂಡರು. ಪ್ರಯೋಗಶಾಲೆಯಷ್ಟೇ ಗೌರವ ಲೆಕ್ಕದ ಹಾಳೆಗೂ ಸಲ್ಲಬೇಕೆಂದು ನಾನು ನಂಬಿರುವುದು ಇದರಿಂದಲೇ.